ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪ: ವಿಆರ್ ಪಾಠ ಕಟ್ಟಿದ ನನ್ನ ಅನುಭವ

ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ಬೋಟು ಹೋಗುವುದಿಲ್ಲ. ನಾನು ಶಿಲೆಗಳ ಪಾಠ ಮಾಡುವುದು ಆ ಹೊತ್ತಿಗೇ. ಅಷ್ಟು ಹತ್ತಿರ ಕಂಬದಂಥ ಬಂಡೆಗಳಿರುವಾಗ ಉಡುಪಿಯ ಮಕ್ಕಳಿಗೆ ಪುಸ್ತಕದ ಚಿತ್ರ ತೋರಿಸಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಬೇಸಿಗೆಯಲ್ಲೇ, ಸುತ್ತಲಿನದ್ದೆಲ್ಲ ಒಂದೇ ಚಿತ್ರದಲ್ಲಿ ಹಿಡಿಯುವ 360 ಡಿಗ್ರಿ ಕ್ಯಾಮೆರಾ ಹಿಡಿದು ದ್ವೀಪಕ್ಕೆ ಹೋದೆ.

ಅದಕ್ಕೂ ಮೊದಲು ಕೂತು ಯೋಚಿಸಿದ್ದು, ಯಾವುದನ್ನು ವಿಆರ್‌ಗೆ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿ ಆ ಜಾಗದಲ್ಲೇ ನಿಂತಂತೆ ನೋಡುವುದು) ಹಾಕಬಾರದು ಅಂತ. ಲೋಲಕ, ಟೈಟ್ರೇಷನ್, ಕಾಳಿನ ಮೊಳಕೆ, ಇವೆಲ್ಲ ಲ್ಯಾಬಿನಲ್ಲಿ ಕೈಯಾರೆ ಆಗಬೇಕು. ಗಾಜು ಒಡೆದರೂ ಪರವಾಗಿಲ್ಲ. ಹೋಗಲಾಗದ ಜಾಗ, ನೋಡಲಾಗದ ಕಾಲ, ಇಂಥವಕ್ಕೆ ಮಾತ್ರ ಹೆಡ್‌ಸೆಟ್ ಬೇಕು ಎನ್ನುವುದು ನನ್ನ ಅಭಿಪ್ರಾಯ. ದ್ವೀಪದ ಪಾಠಕ್ಕೆ ಎರಡೂ ಬೇಕಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿ, ಬಿರುಕು ಬಿಟ್ಟು, ಕಂಬ ಕಂಬವಾಗಿ ನಿಂತಿದೆ.

ಚಿತ್ರ ತೆಗೆಯುವಾಗ ಕ್ಯಾಮೆರಾವನ್ನು ಒಂಬತ್ತನೇ ತರಗತಿ ಮಕ್ಕಳ ಕಣ್ಣಿನ ಎತ್ತರಕ್ಕೆ ಇಟ್ಟೆ. ಜಾಸ್ತಿ ಮೇಲಿದ್ದರೆ ಗಾಳಿಯಲ್ಲಿ ತೇಲಿದಂತೆ ಅನಿಸುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಬಿರುಕಿನ ಗೆರೆಗಳು ಎದ್ದು ಕಾಣುತ್ತವೆ, ಮಧ್ಯಾಹ್ನ ಎಲ್ಲ ಸಪಾಟು. ಈ ಕ್ಯಾಮೆರಾದಲ್ಲಿ ಎರಡು ಲೆನ್ಸ್ ಇರುತ್ತವೆ. ಅವುಗಳ ಚಿತ್ರ ಕೂಡುವ ಕಡೆ ಹತ್ತಿರದ ವಸ್ತುಗಳು ಸೊಟ್ಟಗಾಗುತ್ತವೆ. ಹಾಗಾಗಿ ಒಂದು ಲೆನ್ಸನ್ನು ನೇರ ಕಂಬಗಳ ಕಡೆಗೇ ತಿರುಗಿಸಬೇಕು. ಇನ್ನೊಂದು ವಿಷಯ, ಎರಡೂ ಕಣ್ಣಿಗೆ ಒಂದೇ ಚಿತ್ರ ಹೋಗುವುದರಿಂದ ಆಳ ಗೊತ್ತಾಗುವುದಿಲ್ಲ. ಕಂಬ ಎಷ್ಟು ದಪ್ಪ ಅಂತ ಅಂದಾಜು ಸಿಗಲಿ ಎಂದು ಕಪ್ಪು-ಬಿಳಿ ಪಟ್ಟಿಯ ಒಂದು ಮೀಟರ್ ಕೋಲನ್ನು ಪ್ರತಿ ದೃಶ್ಯದಲ್ಲೂ ಒರಗಿಸಿಟ್ಟೆ.

ನಡೆಯುತ್ತ ತೆಗೆದ ವಿಡಿಯೊ ಬೇಡವೇ ಬೇಡ. ನಡೆಯುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ಕೂತಿದ್ದೇನೆ ಎಂದು ಒಳಕಿವಿ ಹೇಳುತ್ತದೆ. ತಲೆ ಸುತ್ತುವುದು ಅದಕ್ಕೇ ಅಲ್ವಾ? ನಿಂತ ಚಿತ್ರಗಳನ್ನಿಟ್ಟು ಒಂದು ಜಾಗದಿಂದ ಇನ್ನೊಂದಕ್ಕೆ ದಾಟಿಸಿದೆ. ಒಬ್ಬರಿಗೆ ಐದು ನಿಮಿಷ ಸಾಕು. ಆದರೂ ತಲೆ ಸುತ್ತುವವರಿಗೆ ಅದೇ ದೃಶ್ಯವನ್ನು ಕಂಪ್ಯೂಟರಿನಲ್ಲಿ ತೋರಿಸುತ್ತೇನೆ.

ಚಿತ್ರಗಳನ್ನು ಜೋಡಿಸಿದ್ದು ಎ-ಫ್ರೇಮ್ ಎಂಬ, ವಿಆರ್ ದೃಶ್ಯ ಕಟ್ಟುವ ಸಾಫ್ಟ್‌ವೇರಿನಲ್ಲಿ. ಅದು ಉಚಿತ, ಫೋನಿನ ಬ್ರೌಸರಿನಲ್ಲೇ ಓಡುತ್ತದೆ, ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಸ್ವಲ್ಪ ಗೊತ್ತಿದ್ದರೆ ಆಯಿತು. ರಟ್ಟಿನ ಹೆಡ್‌ಸೆಟ್ ನಡೆಯುತ್ತದೆ, ಆದರೆ ಫೋನಿನಲ್ಲಿ ಜೈರೊಸ್ಕೋಪ್ (ತಲೆ ಎತ್ತ ತಿರುಗಿತು ಎಂದು ತಿಳಿಯುವ ಸೆನ್ಸರ್) ಇರಲೇಬೇಕು. ಲಾವಾ ತಣಿಯುವ ದೃಶ್ಯವನ್ನೂ ಅದರಲ್ಲೇ ಮಾಡಿದೆ. ಸಿಲಿಂಡರಿನ ಸುತ್ತಳತೆಗೆ ಆರೇ ಭಾಗ ಎಂದು ಕೊಟ್ಟರೆ ಅದೇ ಆರು ಮೂಲೆಯ ಕಂಬ! ಮಗು ನಡುವೆ ನಿಂತಿರುತ್ತದೆ, ಸುತ್ತಲಿನ ಕೆಂಪು ಕಪ್ಪಾಗುತ್ತ ಬರುತ್ತದೆ, ಬಿರುಕು ಮೇಲಿನಿಂದಲೂ ತಳದಿಂದಲೂ ಒಳಕ್ಕೆ ಸಾಗುತ್ತದೆ.

ದ್ವೀಪದ ದೃಶ್ಯಕ್ಕೆ ವಿವರಣೆಯ ಧ್ವನಿ ಹಾಕಲಿಲ್ಲ. ಧ್ವನಿ ಇದ್ದರೆ ಮಕ್ಕಳು ಸುಮ್ನೆ ಕೇಳಿಸಿಕೊಳ್ಳುತ್ತಾರೆ, ಹುಡುಕುವುದಿಲ್ಲ. ಒಂದೇ ಕೆಲಸ ಕೊಟ್ಟೆ: ಆರು ಬದಿ ಇಲ್ಲದ ಕಂಬ ಹುಡುಕಿ.

"ಟೀಚರ್, ಇಲ್ಲಿ ಐದೇ ಉಂಟು!" ಎಂದು ಒಬ್ಬಳು ಕೂಗಿದಳು. ಪಕ್ಕದವನು ಹೆಡ್‌ಸೆಟ್ ಕಿತ್ತುಕೊಂಡು ತಾನೂ ಎಣಿಸಿದ. ಕ್ಲಾಸಿನಲ್ಲಿ ದೊಡ್ಡ ವಾದವೇ ಎದ್ದಿತು. ಸಮವಾಗಿ ಕುಗ್ಗಿದರೆ ಬಿರುಕುಗಳು 120 ಡಿಗ್ರಿಯ ಹತ್ತಿರ ಕೂಡುತ್ತವೆ, ಆಗ ಆರು ಬದಿ. ಎಲ್ಲ ಕಡೆ ಹಾಗೆ ಸಮವಾಗಿ ಆಗುವುದಿಲ್ಲ, ಅದಕ್ಕೆ ಐದು, ಏಳು. ಆ ವಾದದ ನಂತರ ಹೇಳಿದ್ದಕ್ಕೆ ಇದು ಅವರ ತಲೆಗೆ ಹೋಯಿತು.

ಮಾರನೇ ದಿನ ಕೈಕೆಲಸ. ಕಾರ್ನ್‌ಫ್ಲೋರ್ ಮತ್ತು ನೀರನ್ನು ಸಮ ಸಮ ಕಲಸಿ, ಲೋಟಗಳಿಗೆ ಸುರಿದು ಬಲ್ಬಿನ ಕೆಳಗೆ ಇಟ್ಟೆವು. ಪೂರ್ತಿ ಒಣಗಲು ಕೆಲವು ದಿನ ಬೇಕು. ಆಮೇಲೆ ಮುದ್ದೆಯನ್ನು ಹೊರತೆಗೆದು ಮುರಿದರೆ ಒಳಗೆ ಸಪೂರ ಸಪೂರ ಕಂಬಗಳು. ಲಾವಾ ತಣಿದು ಕುಗ್ಗುತ್ತದೆ, ಹಿಟ್ಟು ಒಣಗಿ ಕುಗ್ಗುತ್ತದೆ, ಬಿರುಕು ಹುಟ್ಟುವ ಬಗೆ ಒಂದೇ. ಬಲ್ಬಿಗೆ ಹತ್ತಿರವಿದ್ದ ಲೋಟದಲ್ಲಿ ಕಂಬಗಳು ಇನ್ನೂ ಸಪೂರ ಯಾಕೆ ಎಂದು ಒಬ್ಬ ಹುಡುಗ ಕೇಳಿದ. ಬೇಗ ಒಣಗಿದರೆ ಕಂಬ ಸಣ್ಣದಾಗುತ್ತದೆ. ಲಾವಾದಲ್ಲೂ ಬೇಗ ತಣಿದಲ್ಲಿ ಹಾಗೆಯೇ. ಹಾಗಾದರೆ ನಮ್ಮ ದ್ವೀಪದಲ್ಲಿ ಯಾವ ಭಾಗ ಬೇಗ ತಣಿದಿರಬಹುದು? ಅದನ್ನು ನೋಡಲು ಹೆಡ್‌ಸೆಟ್‌ಗಳನ್ನು ಮತ್ತೆ ಹೊರತೆಗೆದೆವು. ಈ ಸಲ ಆ ಮೀಟರ್ ಕೋಲು ನಿಜಕ್ಕೂ ಕೆಲಸಕ್ಕೆ ಬಂತು.