ಪಶು ಆಸ್ಪತ್ರೆಯ ಸಿಬ್ಬಂದಿಯನ್ನೂ ನೆನೆಯೋಣ

ಗೆಳೆಯರೇ, ನಮ್ಮ ಬೀದರ್ ಕಡೆ ದೇವಣಿ ದನ, ಎಮ್ಮೆ ಸಾಕಿದವರು ಜಾಸ್ತಿ. ದನಕ್ಕೆ ವಾಸಿಯಾದರೆ ಡಾಕ್ಟರಿಗೆ ಕೈ ಮುಗಿಯುತ್ತೇವೆ. ಒದೆಯುವ ಎಮ್ಮೆಯನ್ನು ಹಿಡಿದು ನಿಲ್ಲಿಸಿದವರು, ಹುಳ ಬಿದ್ದ ಗಾಯ ತೊಳೆದವರು ನೆನಪಾಗೋದೇ ಇಲ್ಲ, ಅಲ್ವಾ?

ನಮ್ಮ ಹಸು ಕರು ಹಾಕಲು ಒದ್ದಾಡಿದ ರಾತ್ರಿ ಪಶು ಪರೀಕ್ಷಕರು, ಸಹಾಯಕ ಅಣ್ಣ ಇಬ್ಬರೂ ಬೆಳಗಿನ ತನಕ ಕೊಟ್ಟಿಗೆಯಲ್ಲೇ ಇದ್ದರು. ಆ ಋಣ ದೊಡ್ಡದು.

ದುಡ್ಡು ಮಾತ್ರ ಕೊಡಬೇಡಿ. ಸರ್ಕಾರಿ ನೌಕರರಿಗೆ ಅದರಿಂದ ತೊಂದರೆ. ಅದರ ಬದಲು ಒಂದು ಪತ್ರ ಬರೆಯಿರಿ. ಯಾರು, ಯಾವ ದಿನ, ಏನು ಮಾಡಿದರು ಅಂತ ನಾಲ್ಕು ಸಾಲು ಸಾಕು. ಜಿಲ್ಲೆಯ ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ ಕಳಿಸಿ, ಒಂದು ಪ್ರತಿ ಕೆಲಸ ಮಾಡಿದವರ ಕೈಗೂ ಕೊಡಿ. ನಾನು ಕೊಟ್ಟ ಪ್ರತಿಯನ್ನು ಆ ಅಣ್ಣ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ಅವರ ಮುಖ ಇನ್ನೂ ಕಣ್ಣಮುಂದಿದೆ.

ಇನ್ನೊಂದು ಮಾತು. ಕೆಲಸ ಹಗುರ ಮಾಡುವುದೂ ಕೃತಜ್ಞತೆಯೇ. ಕಾಲುಬಾಯಿ ಜ್ವರದ ಲಸಿಕೆಗೆ ಅವರು ಊರಿಗೆ ಬಂದಾಗ ದನಗಳನ್ನು ಮೊದಲೇ ಕಟ್ಟಿಡಿ, ಹಗ್ಗ ನೀವೇ ಹಿಡಿಯಿರಿ. ಕಚ್ಚುವ ನಾಯಿಯಾದರೆ ಮೊದಲೇ ಹೇಳಿ, ಬಾಯಿಗೆ ಪಟ್ಟಿ ಹಾಕಿ ಕರೆದೊಯ್ಯಿರಿ. ಬಿಸಿಲಲ್ಲಿ ಬಂದವರಿಗೆ ಒಂದು ಚೊಂಬು ಮಜ್ಜಿಗೆ ಕೊಡಿ. ಕೈ ತೊಳೆಯಲು ಸೋಪು, ಬಿಸಿನೀರು ಇಡುವುದನ್ನು ಮರೆಯಬೇಡಿ.

ಏಪ್ರಿಲ್ ಕೊನೆಯ ಶನಿವಾರ ವಿಶ್ವ ಪಶುವೈದ್ಯಕೀಯ ದಿನ. ಅವತ್ತು ನಿಮ್ಮೂರ ಆಸ್ಪತ್ರೆಗೆ ಹೋಗಿ, ಕಸ ಗುಡಿಸುವ ಅಕ್ಕನ ತನಕ ಎಲ್ಲರನ್ನೂ ಮಾತಾಡಿಸಿ ಬನ್ನಿ.