ಎಂಜಿನ್ ತಣ್ಣಗಿರಬೇಕು: ಜಪಾನಿಗೆ ಹೋಗಿ ಹಳೆಯ ಎನ್‌ಎಸ್‌ಎಕ್ಸ್ ಕೊಂಡ ನನ್ನ ಅನುಭವ

ಸೈತಾಮಾದ ಆ ಮಳಿಗೆಯಲ್ಲಿ ನಾನು ಮೊದಲು ಮಾಡಿದ್ದು ಕಾರಿನ ಹಿಂಬದಿಯ ಗಾಜನ್ನು ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟದ್ದು. ಬೆಚ್ಚಗಿತ್ತು. ನಾನು ಬರುವ ತನಕ ಕಾರನ್ನು ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ವಾರವೇ ಎರಡು ಸಲ ಬರೆದು ಕೇಳಿಕೊಂಡಿದ್ದೆ, ಆಗಲಿ ಎಂಬ ಉತ್ತರವೂ ಬಂದಿತ್ತು. ಮೂವತ್ತು ವರ್ಷ ದಾಟಿದ ಎಂಜಿನ್ ತನ್ನ ಆರೋಗ್ಯದ ಬಗ್ಗೆ ಏನಾದರೂ ಹೇಳುವುದಿದ್ದರೆ ಅದು ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ ಎದ್ದೇಳುವ ಮೊದಲ ಅರ್ಧ ನಿಮಿಷದಲ್ಲಿ. ಆ ಅರ್ಧ ನಿಮಿಷ ಕೇಳುವುದಕ್ಕಾಗಿಯೇ ನಾನು ಬ್ರಿಟನ್ನಿನಿಂದ ಹನ್ನೆರಡು ಗಂಟೆಗೂ ಹೆಚ್ಚು ಕಾಲ ವಿಮಾನದಲ್ಲಿ ಕುಳಿತು ಬಂದಿದ್ದೆ.

ನಾನು ಹುಡುಕುತ್ತಿದ್ದುದು ಮೊದಲ ಪೀಳಿಗೆಯ ಹೋಂಡಾ ಎನ್‌ಎಸ್‌ಎಕ್ಸ್. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1990ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಕಾರು. ಆಗಿನ ಬೆಲೆ ಸುಮಾರು 80 ಲಕ್ಷ ಯೆನ್. ಆಸನಗಳ ಹಿಂದೆ 2,977 ಸಿ.ಸಿ.ಯ ವಿ6 ಎಂಜಿನ್, ಅದರೊಳಗೆ ಟೈಟಾನಿಯಂ ಕನೆಕ್ಟಿಂಗ್ ರಾಡ್‌ಗಳು, ನಿಮಿಷಕ್ಕೆ 8,000 ಸುತ್ತಿನವರೆಗೆ ಏರುವ ಉಸಿರು. ಆದರೆ ನನ್ನನ್ನು ಈ ಕಾರಿಗೆ ಕಟ್ಟಿಹಾಕಿದ್ದು ಅದರ ಬಾಡಿ. ಇಡೀ ಮಾನೊಕಾಕ್, ಅಂದರೆ ಚೌಕಟ್ಟೂ ಹೊರಮೈಯೂ ಒಂದೇ ಆದ ಕವಚ, ಅಲ್ಯೂಮಿನಿಯಂನದು, ಮಾರಾಟಕ್ಕೆಂದು ಸಾಲಾಗಿ ತಯಾರಾದ ಕಾರುಗಳಲ್ಲಿ ಇಂಥದು ಇದೇ ಮೊದಲು. 1989ರಲ್ಲಿ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಸುಜುಕಾ ಟ್ರ್ಯಾಕ್‌ನಲ್ಲಿ ಇದರ ಮಾದರಿಯನ್ನು ಓಡಿಸಿ, ಬಾಡಿಗೆ ಇನ್ನಷ್ಟು ಬಿಗಿ ಬೇಕೆಂಬ ಅಭಿಪ್ರಾಯ ಕೊಟ್ಟಿದ್ದರು. ಎಂಜಿನಿಯರುಗಳು ಆಮೇಲೆ ಅದನ್ನು ಜರ್ಮನಿಯ ರೇಸ್ ಟ್ರ್ಯಾಕಾದ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಓಡಿಸಿ ಓಡಿಸಿ ಗಟ್ಟಿಗೊಳಿಸಿದರು. ಇಷ್ಟು ಕಷ್ಟಪಟ್ಟು ಮಾಡಿದ ಬಾಡಿಯನ್ನು ಯಾವುದೋ ಗ್ಯಾರೇಜಿನಲ್ಲಿ ಬಡಿದು ನೆಟ್ಟಗೆ ಮಾಡಿದ್ದಾರೆಂದರೆ, ಆ ಕಾರು ಹೊರಗಿನಿಂದ ಎಷ್ಟೇ ಚಂದ ಕಂಡರೂ ನನಗೆ ಬೇಡ. ಇದೊಂದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಟಿದ್ದೆ.

ಹೊರಡುವ ಮೊದಲು ಎರಡು ಭಾನುವಾರ ಗೆಳೆಯರೊಬ್ಬರ ಎನ್‌ಎಸ್‌ಎಕ್ಸ್ ಕೆಳಗೆ ಬೆನ್ನು ಹಚ್ಚಿ ಮಲಗಿದ್ದೆ. ಅವರದು ಎಂದೂ ಪೆಟ್ಟು ತಿನ್ನದ ಕಾರು. ಕಾರ್ಖಾನೆಯ ಬೆಸುಗೆ ಹೇಗಿರುತ್ತದೆ, ನೀರು ಒಳಗಿಳಿಯದಂತೆ ಕೀಲುಗಳಿಗೆ ಹಚ್ಚಿದ ಸೀಲಂಟ್ ಎಷ್ಟು ಅಗಲಕ್ಕೆ ಹರಿದಿರುತ್ತದೆ, ಮಡ್‌ಗಾರ್ಡಿನ ಬೋಲ್ಟುಗಳ ಲೇಪನಕ್ಕೆ ಯಾವ ಬಣ್ಣ ಎಂದು ಒಂದೊಂದರ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡೆ. ಪ್ರವಾಸದ ಒಟ್ಟು ಖರ್ಚಿನಲ್ಲಿ ಒಂದು ಕಾಸೂ ಬೇಡದ ಈ ಕೆಲಸವೇ ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂತು. ಹಳೆಯ ಕಾರು ನೋಡಲು ಹೋಗುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಳ್ಳುವುದು ವಾಡಿಕೆ. ಅದು ಹಿಡಿಯದ ಜಾಗದಲ್ಲಿ ಪುಟ್ಟಿ ಇದೆ ಎಂದು ಲೆಕ್ಕ. ಅಲ್ಯೂಮಿನಿಯಂ ಬಾಡಿಯ ಮೇಲೆ ಅಯಸ್ಕಾಂತ ಎಲ್ಲಿಯೂ ಹಿಡಿಯುವುದಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಕೂಡ ಉಕ್ಕಿಗಷ್ಟೇ ಆಗುವಂಥದಾದರೆ ಪ್ರಯೋಜನವಿಲ್ಲ. ಕಬ್ಬಿಣವಲ್ಲದ ಲೋಹದ ಮೇಲೂ ಅಳೆಯುವಂಥದನ್ನು ಕೊಂಡು, ಗೆಳೆಯರ ಕಾರಿನ ಮೇಲೆ ಪಳಗಿಸಿಕೊಂಡೆ. ಚೀಲದಲ್ಲಿ ಅದರ ಜೊತೆಗೆ ಒಂದು ಒಳ್ಳೆಯ ಟಾರ್ಚು, ಹಿಡಿಯಿರುವ ಕನ್ನಡಿ, ಮೊಬೈಲಿಗೆ ಜೋಡಿಸುವ ಕೊಳವೆ ಕ್ಯಾಮೆರಾ ಮತ್ತು ಕೈಗವಸು. ಜಪಾನಿನಲ್ಲಿ ಒಬ್ಬ ದುಭಾಷಿಯನ್ನು ಗೊತ್ತುಮಾಡಿಕೊಂಡೆ. ಅವರು ಹಿಂದೆ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು. ಭಾಷೆ ಮಾತ್ರ ಬಲ್ಲವರಾಗಿದ್ದರೆ ಮುಂದೆ ಹೇಳಲಿರುವ ಒಂದು ಸಾಲು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಲ್ಲಿನ ಬಳಸಿದ ಕಾರುಗಳಲ್ಲಿ ಬಹುಪಾಲು ವರ್ತಕರಿಗಷ್ಟೇ ಪ್ರವೇಶವಿರುವ ಹರಾಜುಗಳ ಮೂಲಕ ಕೈ ಬದಲಾಯಿಸುತ್ತವೆ. ಪ್ರತಿ ಕಾರಿಗೂ ಒಂದು ತಪಾಸಣಾ ಹಾಳೆ ಇರುತ್ತದೆ: ಮೇಲೆ ದರ್ಜೆ, ಕೆಳಗೆ ಕಾರಿನ ನಕ್ಷೆ, ನಕ್ಷೆಯ ಮೇಲೆ ಎ1 ಎಂದರೆ ಸಣ್ಣ ಗೀರು, ಯು1 ಎಂದರೆ ಸಣ್ಣ ತಗ್ಗು, ಡಬ್ಲ್ಯು ಎಂದರೆ ರಿಪೇರಿ ಮಾಡಿದಲ್ಲಿ ಉಳಿದ ಅಲೆಯಂಥ ಉಬ್ಬುತಗ್ಗು. ದರ್ಜೆಯ ಜಾಗದಲ್ಲಿ ಆರ್ ಇದ್ದರೆ ‘ರಿಪೇರಿ ಇತಿಹಾಸ’ ಉಳ್ಳ ಕಾರು. ಹೊರಗಿನಿಂದ ಕೊಳ್ಳುವವರು ಎಡವುವುದು ಈ ಮಾತಿನ ಅರ್ಥದಲ್ಲಿ. ಅಲ್ಲಿ ರಿಪೇರಿ ಇತಿಹಾಸವೆಂದರೆ ಕಾರಿನ ಮೂಳೆಗೆ, ಅಂದರೆ ಚೌಕಟ್ಟಿನ ಭಾಗಗಳಿಗೆ ಪೆಟ್ಟು ಬಿದ್ದು ಸರಿಪಡಿಸಿದ್ದು. ಬೋಲ್ಟಿನಲ್ಲಿ ಕೂರುವ ಮಡ್‌ಗಾರ್ಡು, ಬಾಗಿಲು, ಬಾನೆಟ್ಟುಗಳನ್ನು ಪೂರಾ ಬದಲಿಸಿದ್ದರೂ ಆ ಇತಿಹಾಸ ಹುಟ್ಟುವುದಿಲ್ಲ. ಹಾಗಾಗಿ ‘ರಿಪೇರಿ ಇತಿಹಾಸ ಇಲ್ಲ’ ಎಂಬುದು ‘ಪೆಟ್ಟೇ ಬಿದ್ದಿಲ್ಲ’ ಎಂಬುದಕ್ಕೆ ಸಮನಲ್ಲ.

ಸೈತಾಮಾದ ಕಾರಿನ ಹಾಳೆಯಲ್ಲಿ ದರ್ಜೆ 4.5, ಅಂದರೆ ಬಹಳ ಒಳ್ಳೆಯದು ಎಂದಿತ್ತು, ಓಡಿದ್ದು 34,000 ಕಿ.ಮೀ. ಕನ್ನಡಿಯಂತೆ ಹೊಳೆಯುವ ಕೆಂಪು ಬಣ್ಣ. ಎಂಜಿನ್ ಬೆಚ್ಚಗಿದ್ದರೂ ಬಂದದ್ದಕ್ಕೆ ನೋಡಿಯೇ ಹೋಗೋಣವೆಂದು ಮೀಟರ್ ಹಿಡಿದು ಒಂದು ಸುತ್ತು ಬಂದೆ. ಎಡಗಡೆಯ ಮಡ್‌ಗಾರ್ಡು 115 ಮೈಕ್ರಾನ್, ಬಾಗಿಲುಗಳು 110ರಿಂದ 130. ಬಲಗಡೆಯ ಮುಂದಿನ ಮಡ್‌ಗಾರ್ಡು 270, ಅಂದರೆ ಮತ್ತೆ ಬಣ್ಣ ಹೊಡೆದದ್ದು. ಬಾನೆಟ್ ಎತ್ತಿ ನೋಡಿದರೆ ಅದರ ಬೋಲ್ಟುಗಳ ಮೂಲೆ ಸ್ಪ್ಯಾನರ್ ತಾಗಿ ತೇಯ್ದಿತ್ತು. ಇಷ್ಟೇ ಆಗಿದ್ದರೆ ನಾನು ಚೌಕಾಸಿಗೆ ಕೂರುತ್ತಿದ್ದೆ, ಮಡ್‌ಗಾರ್ಡು ಬದಲಾಯಿಸಿದ್ದು ದೊಡ್ಡ ದೋಷವಲ್ಲ. ಕನ್ನಡಿಯನ್ನು ಒಳಗೆ ಇಳಿಸಿ ಟಾರ್ಚು ಹಾಯಿಸಿದಾಗ ಒಳಗೋಡೆಯ ಸೀಲಂಟ್ ಕಂಡಿತು. ಎಡಗಡೆ ಅದು ಒಂದೇ ಅಗಲದ ಪಟ್ಟಿಯಾಗಿ ಹರಿದಿತ್ತು. ಬಲಗಡೆ ಕುಂಚದ ಎಳೆಗಳು ಎದ್ದು ಕಾಣುತ್ತಿದ್ದವು, ಅದರ ಪಕ್ಕದಲ್ಲಿ ಬಣ್ಣದಡಿ ಸಾಲಾಗಿ ಮೂರು ಸಣ್ಣ ತಗ್ಗುಗಳು. ಸುತ್ತಿಗೆಯ ಗುರುತು. ಮೊಬೈಲಿನಲ್ಲಿದ್ದ ಗೆಳೆಯರ ಕಾರಿನ ಫೋಟೊವನ್ನು ಪಕ್ಕಕ್ಕಿಟ್ಟು ದುಭಾಷಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ತಲೆ ಅಡ್ಡಡ್ಡ ಆಡಿಸಿದರು. ವರ್ತಕರು ತಮಗೆ ಇದು ಗೊತ್ತಿರಲಿಲ್ಲ ಎಂದರು. ಇರಬಹುದು. ಅಲ್ಯೂಮಿನಿಯಂ ಉಕ್ಕಿನ ಹಾಗಲ್ಲ. ಒಮ್ಮೆ ಬಾಗಿದರೆ ಗಡಸಾಗುತ್ತದೆ, ಬೆಸುಗೆಯ ಶಾಖಕ್ಕೆ ಆಸುಪಾಸಿನ ಲೋಹ ಬಲ ಕಳೆದುಕೊಳ್ಳುತ್ತದೆ, ಅದನ್ನು ಸರಿಯಾಗಿ ನೆಟ್ಟಗೆ ಮಾಡಬಲ್ಲ ಕೈಗಳು ಬಹಳ ಕಡಿಮೆ. ವಂದಿಸಿ ಹೊರಬಂದೆ. ಸಂಜೆ ಹೋಟೆಲಿನಲ್ಲಿ ತುಂಬಾ ಬೇಸರವಾಯಿತು. ದೂರದಿಂದ ಹೋದವನಿಗೆ ‘ಬಂದದ್ದಾಗಿದೆ, ಬರಿಗೈಯಲ್ಲಿ ಹೋಗುವುದೇ’ ಎಂಬ ಒತ್ತಡ ಎಷ್ಟಿರುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಅದಕ್ಕಾಗಿಯೇ ಎರಡನೆಯ ಕಾರೊಂದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆ, ಮರಳುವ ಟಿಕೆಟ್ಟಿಗೂ ಮೂರು ದಿನ ಬಿಡುವು ಇಟ್ಟಿದ್ದೆ.

ಮರುದಿನ ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತಿ ನಗೊಯಾಕ್ಕೆ ಹೋಗಿ, ಅಲ್ಲಿಂದ ಊರಾಚೆಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆವು. 1991ರ ಕಾರು, 91,000 ಕಿ.ಮೀ. ಓಡಿದ್ದು. ಚಾಲಕನ ಆಸನದ ಬಲ ಅಂಚಿನಲ್ಲಿ, ಇಳಿಯುವಾಗ ತೊಡೆ ಉಜ್ಜುವ ಕಡೆ, ಚರ್ಮ ಬಿರಿದಿತ್ತು. ಮೂತಿಯ ತುಂಬ ಕಲ್ಲು ಸಿಡಿದ ಚುಕ್ಕೆಗಳು. ಫೋಟೊಗಳಲ್ಲಿ ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಎಂಜಿನ್ ಮೇಲೆ ಕೈ ಇಟ್ಟೆ. ಕಲ್ಲಿನಷ್ಟು ತಣ್ಣಗಿತ್ತು.

ಮಾಲೀಕರು ಕಾರಿಗಿಂತ ಮೊದಲು ಒಂದು ದಪ್ಪ ಕಡತವನ್ನು ಮೇಜಿನ ಮೇಲಿಟ್ಟರು. ಜಪಾನಿನಲ್ಲಿ ಖಾಸಗಿ ಕಾರಿಗೆ ಮೊದಲ ಕಡ್ಡಾಯ ತಪಾಸಣೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಅದಕ್ಕೆ ಶಾಕೆನ್ ಎನ್ನುತ್ತಾರೆ. ಆ ಸಂದರ್ಭದಲ್ಲಿ ಗ್ಯಾರೇಜಿನವರು ಬರೆದುಕೊಡುವ ನಿರ್ವಹಣಾ ದಾಖಲೆ ಕಿರೊಕುಬೊ. ಅದು 1994ರಿಂದ, ಕಾರು ರಸ್ತೆಯಲ್ಲಿದ್ದಷ್ಟೂ ಕಾಲ, ಒಂದೂ ತಪ್ಪದಂತೆ ಇಲ್ಲಿತ್ತು, ಪ್ರತಿಯೊಂದರಲ್ಲೂ ಕಿಲೊಮೀಟರ್. ನಾನು ನೋಟ್‌ಬುಕ್ಕಿನಲ್ಲಿ ವರ್ಷ ಮತ್ತು ಓಟವನ್ನು ಎದುರುಬದುರು ಬರೆದುಕೊಂಡು ಹೋದೆ. ಮೊದಲ ಹತ್ತು ವರ್ಷ ಚುರುಕಾಗಿ ಏರಿದ ಸಂಖ್ಯೆ 2008ರ ಹೊತ್ತಿಗೆ ತೆವಳತೊಡಗಿ, ಆಮೇಲೆ ಐದು ವರ್ಷ ಕಾರು ನಿಂತೇ ಇತ್ತು. ನಿಂತ ಕಾರು ಓಡಿದ ಕಾರಿಗಿಂತ ಹೆಚ್ಚು ಹಾಳಾಗುತ್ತದೆ: ಸೀಲುಗಳು ಒಣಗುತ್ತವೆ, ಪೆಟ್ರೋಲು ಅಂಟಾಗುತ್ತದೆ. ಆದರೆ ಮತ್ತೆ ರಸ್ತೆಗಿಳಿಸುವಾಗ ಇಂಧನದ ಪಂಪು, ಕೂಲೆಂಟ್ ಹೋಸುಗಳು, ಬ್ರೇಕಿನ ಸೀಲುಗಳು ಎಲ್ಲ ಬದಲಾದದ್ದಕ್ಕೆ ಬಿಲ್ಲುಗಳಿದ್ದವು. ಆಗ ದುಭಾಷಿ 1990ರ ದಶಕದ ಒಂದು ಹಾಳೆಯಲ್ಲಿ ಬೆರಳಿಟ್ಟು ನಿಂತರು. ಗೇರ್‌ಬಾಕ್ಸ್ ಬಿಚ್ಚಿ, ಹೊರಕವಚ ಬದಲಿಸಿ ಮರುಜೋಡಣೆ ಮಾಡಿದ್ದರ ದಾಖಲೆ ಅದು. ಆರಂಭದ ಕೆಲವು ಐದು ಗೇರಿನ ಕಾರುಗಳಲ್ಲಿ, ಬೇರಿಂಗನ್ನು ಹಿಡಿದಿಡುವ ಸ್ನ್ಯಾಪ್ ರಿಂಗ್ ಕೂರುವ ತೋಡು ಕವಚದಲ್ಲಿ ತುಸು ಅಗಲವಾಗಿ ಕೊರೆದುಹೋಗಿತ್ತು. ರಿಂಗ್ ಮುರಿದರೆ ಇಡೀ ಗೇರ್‌ಬಾಕ್ಸಿಗೇ ಕುತ್ತು. ನಾನು ಇಡೀ ಪ್ರವಾಸದಲ್ಲಿ ಹೆದರಿದ್ದು ಅದೊಂದಕ್ಕೇ. ಅದು ಇಪ್ಪತ್ತೈದು ವರ್ಷಕ್ಕೂ ಹಿಂದೆ ಪರಿಹಾರವಾಗಿತ್ತು.

ಕೆಳಗೆ ನುಗ್ಗಿ ಒಂದೂವರೆ ಗಂಟೆ ಕಳೆದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗುವ ಕಡೆಗಳಲ್ಲಿ ಲೋಹ ಸವೆದು ಬಿಳಿಪುಡಿ ಎದ್ದಿದೆಯೇ ಎಂದು ಒಂದೊಂದನ್ನೂ ನೋಡಿದೆ. ಎರಡು ಕಡೆ ಸ್ವಲ್ಪ ಇತ್ತು, ಒರೆಸಿದರೆ ಹೋಗುವಷ್ಟು. ಸೀಲಂಟ್ ಎರಡೂ ಬದಿ ಒಂದೇ ಅಗಲ. ಬಣ್ಣ ಎಲ್ಲ ಕಡೆ 105ರಿಂದ 140.

ಆಮೇಲೆ ಮಾಲೀಕರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ದುಭಾಷಿಯನ್ನು ಹೊಗೆಕೊಳವೆಯ ಹಿಂದೆ ನಿಲ್ಲಿಸಿ ಕೀಲಿ ತಿರುಗಿಸಿದೆ. ಎರಡು ಸೆಕೆಂಡಿನಷ್ಟು ಟಕಟಕ ಸದ್ದು, ಎಣ್ಣೆ ಮೇಲೇರುತ್ತಿದ್ದಂತೆ ಅದು ಅಡಗಿತು. ಸುತ್ತುಗಳು ಸಾವಿರದೈನೂರರ ಹತ್ತಿರ ನಿಂತು, ನಿಧಾನವಾಗಿ ಇಳಿದು, 800ಕ್ಕೆ ಬಂದು ತಂಗಿದವು. ಹಿಂದಿನಿಂದ ಅವರು ಕೈಯೆತ್ತಿದರು, ಎಣ್ಣೆ ಸುಡುವ ನೀಲಿ ಹೊಗೆ ಇಲ್ಲ. ನಾನು ಮಾತಾಡದೆ ಐದು ನಿಮಿಷ ಕೇಳುತ್ತಾ ಕುಳಿತೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇತ್ತು, ಕಾರಿಗೆ ಶಾಕೆನ್ ಚಾಲ್ತಿಯಲ್ಲಿತ್ತು, ಹಾಗಾಗಿ ರಸ್ತೆಗೇ ಇಳಿದೆವು. ತಣ್ಣಗಿದ್ದಾಗ ಎರಡನೆಯ ಗೇರು ಸ್ವಲ್ಪ ತಡೆಯಿತು, ಬಿಸಿಯಾದ ಮೇಲೆ ಸಲೀಸಾಗಿ ಬಿತ್ತು. ನಾಲ್ಕೂ ಚಕ್ರ ನೇರ. ಮಾಲೀಕರು ಪಕ್ಕದಲ್ಲಿ ಕುಳಿತು ತಾವೇ ‘ಹೂಂ, ಒತ್ತಿ’ ಎಂಬಂತೆ ಸನ್ನೆ ಮಾಡಿದಾಗ ಎರಡನೆಯ ಗೇರಿನಲ್ಲಿ ಒಮ್ಮೆ ಪೂರಾ ಒತ್ತಿದೆ. 5,800 ಸುತ್ತಿಗೆ ವಾಲ್ವುಗಳ ಲಯ ಬದಲಾಯಿಸುವ ವಿಟೆಕ್ ಕೆಲಸಕ್ಕೆ ಇಳಿಯಿತು. ಬೆನ್ನ ಹಿಂದಿನ ದನಿ ಒಂದು ಸ್ಥಾಯಿ ಮೇಲೇರಿತು. ನನ್ನ ಕಣ್ಣು ತುಂಬಿತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ದೋಷಗಳೂ ಇದ್ದವು. ಎಡ ಕಿಟಕಿಯ ಗಾಜು ತುಂಬಾ ನಿಧಾನ, ಎ.ಸಿ. ನಿಯಂತ್ರಕದ ಪರದೆ ಅರ್ಧ ಮಂಕು. ಆ ಕಾಲದ ಕೆಪಾಸಿಟರುಗಳು ಸೋರಿ ಸರ್ಕ್ಯೂಟ್ ಹಲಗೆಯನ್ನು ತಿನ್ನುವುದು ಈ ಕಾರುಗಳಲ್ಲಿ ಸಾಮಾನ್ಯ. ಟೈಮಿಂಗ್ ಬೆಲ್ಟ್ ಬದಲಿಸಿ ಹನ್ನೊಂದು ವರ್ಷವಾಗಿತ್ತು. ಬೆಲ್ಟ್ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿಯುವ ಎಂಜಿನ್ ಇದು, ಹಾಗಾಗಿ ಓಟಕ್ಕಿಂತ ವರ್ಷದ ಲೆಕ್ಕ ಮುಖ್ಯ. ಬೆಲೆ ಇಳಿಸಿ ಎಂದು ನಾನು ಕೇಳಲಿಲ್ಲ. ಬೆಲ್ಟ್, ನೀರಿನ ಪಂಪು, ಹಿಂದಿನ ಟೈರುಗಳು ಅವರ ಕೈಯಿಂದಲೇ ಬದಲಾಗಲಿ ಎಂದೆ. ಈ ಕಾರುಗಳನ್ನು ಬಿಚ್ಚಿ ಜೋಡಿಸುತ್ತಲೇ ಕೂದಲು ಹಣ್ಣಾದವರು ಅವರು, ಆ ಕೈಯ ಕೆಲಸ ನನಗೆ ರಿಯಾಯಿತಿಗಿಂತ ದೊಡ್ಡದು. ಸಂತೋಷದಿಂದ ಒಪ್ಪಿದರು.

ಕಾಗದಪತ್ರದ ಭಾಗ ಸುಲಭ. ನೋಂದಣಿ ರದ್ದುಮಾಡಿ ರಫ್ತು ಪ್ರಮಾಣಪತ್ರ ಪಡೆಯುತ್ತಾರೆ, ಅದಕ್ಕೆ ಆರು ತಿಂಗಳ ಅವಧಿ. ಅದರ ಮೇಲಿನ ಚಾಸಿಸ್ ಸಂಖ್ಯೆಯನ್ನು ಬಾಡಿಯ ಮೇಲೆ ಕೊರೆದ ಎನ್‌ಎ1 ಎಂದು ಆರಂಭವಾಗುವ ಸಂಖ್ಯೆಯೊಂದಿಗೆ ನೀವೇ ಕಣ್ಣಾರೆ ಹೋಲಿಸಿ ನೋಡಬೇಕು. ನಾನಿರುವುದು ಬ್ರಿಟನ್ನಿನಲ್ಲಿ. ಇಲ್ಲಿ 30 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ, ಈಗ ತಯಾರಾಗದ ಮಾದರಿಗೆ ಆಮದು ಸುಂಕವಿಲ್ಲ, ವ್ಯಾಟ್ ಶೇ 5. ಮೂಲ ಸ್ಥಿತಿ ಎಂಬುದನ್ನು ಸಾಧಿಸಲು ಮತ್ತೆ ಅದೇ ಕಡತ ನೆರವಾಯಿತು. ಭಾರತಕ್ಕೆ ತರುವ ಆಸೆಯಿದ್ದವರು ತಿಳಿದಿರಲಿ, ಬಳಸಿದ ಕಾರು ತಯಾರಾಗಿ 3 ವರ್ಷ ಮೀರಿರಬಾರದು ಎಂಬ ನಿಯಮ ಅಲ್ಲಿ ಅಡ್ಡ ಬರುತ್ತದೆ.

ಕಾರು ಹಡಗಿನಲ್ಲಿ ಬಂದಿಳಿದ ದಿನ ಬಂದರಿನ ಅಂಗಳದಲ್ಲಿ ಉಪ್ಪಿನ ಧೂಳು ಹೊದ್ದು ನಿಂತಿತ್ತು. ಗಾಜಿನ ಮುಚ್ಚಳ ಎತ್ತಿ, ಅಭ್ಯಾಸಬಲದಿಂದ ಮತ್ತೆ ಎಂಜಿನ್ ಮೇಲೆ ಕೈ ಇಟ್ಟೆ. ಹಿಂಬದಿಗೆ ಮಂಜಿನ ದೀಪ ಕೂರಿಸಿ, ವೇಗಮಾಪಕ ಮೈಲಿಯಲ್ಲಿ ತೋರಿಸುವಂತೆ ಮಾಡಿ ನೋಂದಣಿ ಮುಗಿಸಿದ್ದೇನೆ. ಕೆಪಾಸಿಟರುಗಳ ಬೆಸುಗೆ ಕಳೆದ ವಾರ ಆಯಿತು. ಎಡ ಕಿಟಕಿಯ ರೆಗ್ಯುಲೇಟರನ್ನು ಈ ಭಾನುವಾರ ಗೆಳೆಯರ ಜೊತೆ ಕುಳಿತು ಬಿಚ್ಚಬೇಕು.