ಹುಟ್ಟಿದ ಮಗುಗೆ ರೋಗ ತಡೆಯೋ ಶಕ್ತಿ ಬರೋದು ಹೇಗೆ? ಮೊದಲ ವರ್ಷ ನಾವು ಏನೇನು ಮಾಡ್ಬೇಕು?

ನನ್ನ ತಂಗಿಗೆ ಹೆರಿಗೆ ಆದ ದಿನ ವಾರ್ಡಲ್ಲಿ ನಾನೇ ಇದ್ದೆ. ಮೊದಲು ಬಂದ ಹಾಲು ಅರಿಶಿನ ಕಲಸಿದಂಗೆ ಹಳದಿ, ಅಂಟಂಟು, ನಾಲ್ಕು ಹನಿ ಅಷ್ಟೇ. ನಮ್ಮ ದೊಡ್ಡಮ್ಮ "ಅದು ಕೆಟ್ಟ ಹಾಲು ಕಣೇ, ಹಿಂಡಿ ಚೆಲ್ಲಿಬಿಡು, ಕೂಸಿನ ನಾಲಿಗೆಗೆ ಒಂಚೂರು ಜೇನುತುಪ್ಪ ನೆಕ್ಕಿಸೋಣ" ಅಂದ್ರು. ಪುಣ್ಯಕ್ಕೆ ನರ್ಸಮ್ಮ ಅಲ್ಲೇ ಇದ್ರು, ಬಿಡಲಿಲ್ಲ. ಆ ನಾಲ್ಕು ಹನಿ ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಗಿದ್ದು, ಅದಕ್ಕೇ ಇದನ್ನ ಬರೀತಿದೀನಿ.

ಮಗು ಹುಟ್ಟುವಾಗ ಅದರ ರಕ್ತದಲ್ಲಿರೋ ಆ್ಯಂಟಿಬಾಡಿ (ರೋಗದ ಕ್ರಿಮಿ ತಡೆಯೋ ಪ್ರೋಟೀನ್) ಹೆಚ್ಚುಕಮ್ಮಿ ಎಲ್ಲಾ ಅಮ್ಮನದ್ದೇ, ಕರುಳಬಳ್ಳಿ ಮೂಲಕ ಬಂದಿದ್ದು, ಅದೂ ಜಾಸ್ತಿ ಬರೋದು ಕೊನೇ ಮೂರು ತಿಂಗಳಲ್ಲಿ. ಅದಕ್ಕೇ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಈ ಗಂಟು ಕಮ್ಮಿ ಇರುತ್ತೆ, ಸೋಂಕು ಬೇಗ ತಗಲುತ್ತೆ. ಹಾಗಾಗಿ ಮೊದಲ ಹೆಜ್ಜೆ ಬಸುರಿ ಇದ್ದಾಗಲೇ: ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯೋ ಲಸಿಕೆ) ಇಂಜೆಕ್ಷನ್ ತಪ್ಪಿಸ್ಬೇಡಿ. ಅಮ್ಮನಿಗೆ ಹಾಕಿದ ಆ ಸೂಜಿ ಧನುರ್ವಾಯುವಿಂದ ಕೂಸನ್ನೂ ಕಾಯುತ್ತೆ.

ಎರಡನೇದು, ಹುಟ್ಟಿದ ಒಂದು ಗಂಟೆ ಒಳಗೆ ಎದೆಗೆ ಹಾಕಿ. ಆ ಹಳದಿ ಹಾಲಲ್ಲಿ ಐಜಿಎ ಅನ್ನೋ ಆ್ಯಂಟಿಬಾಡಿ ತುಂಬಿರುತ್ತೆ, ಅದು ಕರುಳಿನ ಒಳಗೋಡೆ ಮೇಲೆ ಕಾವಲು ಕೂತು ಕ್ರಿಮಿ ಅಂಟದಂಗೆ ನೋಡ್ಕೊಳ್ಳುತ್ತೆ. ಸ್ವಲ್ಪವೇ ಬಂತು ಅಂತ ಹೆದರ್ಬೇಡಿ, ಮೊದಲ ದಿನ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಸಾಕು.

ಆಮೇಲೆ ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ. ಎದೆಹಾಲಲ್ಲಿ ಮಗುವಿಗೇ ಜೀರ್ಣ ಆಗದ ಒಂಥರಾ ಸಕ್ಕರೆ ಇದೆ, ಅದು ಇರೋದು ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾಗೆ ಊಟ ಆಗ್ಲಿ ಅಂತ, ಆ ಬ್ಯಾಕ್ಟೀರಿಯಾಗಳ ಸಹವಾಸದಲ್ಲೇ ಮಗುವಿನ ಇಮ್ಯುನಿಟಿ ಯಾರು ನಮ್ಮೋರು ಯಾರು ವೈರಿ ಅಂತ ಕಲಿಯೋದು, ಎಂಥ ಚಂದ ಅಲ್ವಾ! ಜೇನುತುಪ್ಪ ಮಾತ್ರ ಒಂದು ವರ್ಷ ತುಂಬೋವರೆಗೂ ಬೇಡವೇ ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ಅನ್ನೋ ಕಾಯಿಲೆ ತರೋ ಬೀಜಾಣು ಎಳೇ ಕರುಳಲ್ಲಿ ಮೊಳೆತು ವಿಷ ಮಾಡುತ್ತೆ.

ಈಗ ಮುಖ್ಯ ವಿಷಯ. ಅಮ್ಮ ಕೊಟ್ಟ ಗಂಟು ದಿನಾ ಕರಗ್ತಾ ಹೋಗುತ್ತೆ, ಮಗುವಿನ ಸ್ವಂತದ್ದು ಇನ್ನೂ ಸರಿಯಾಗಿ ತಯಾರಾಗಿರಲ್ಲ. ಮೂರರಿಂದ ಆರು ತಿಂಗಳ ಹೊತ್ತಿಗೆ ಎರಡೂ ಕಮ್ಮಿ. 6, 10, 14ನೇ ವಾರಕ್ಕೆ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಸೂಜಿ), ಪೋಲಿಯೊ, ರೋಟಾವೈರಸ್ (ಭೇದಿ ತರೋ ವೈರಸ್) ಲಸಿಕೆ ಇಟ್ಟಿರೋದು ಈ ಸಂದು ಮುಚ್ಚೋಕೇ. "ಇಷ್ಟು ಪುಟ್ಟ ಕೂಸಿಗೆ ಇಷ್ಟೊಂದು ಸೂಜಿನಾ, ಸ್ವಲ್ಪ ದೊಡ್ಡದಾಗ್ಲಿ" ಅಂತ ಮುಂದೂಡೋರು ಕಾಯೋದು ಸರಿಯಾಗಿ ಅಪಾಯದ ತಿಂಗಳುಗಳಲ್ಲೇ.

ದಡಾರ-ರುಬೆಲ್ಲಾ ಲಸಿಕೆಯದ್ದು ಬೇರೆ ಲೆಕ್ಕ. ಅದನ್ನ ಬೇಗ ಹಾಕಿದ್ರೆ ಅಮ್ಮನ ಆ್ಯಂಟಿಬಾಡಿನೇ ಅಡ್ಡ ಬಂದು ಲಸಿಕೆ ಸರಿಯಾಗಿ ಹಿಡಿಯಲ್ಲ, ಅದಕ್ಕೇ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ಒಳಗೆ ಇನ್ನೊಂದು.

ಹುಟ್ಟಿದಾಗ ಎಡತೋಳಿಗೆ ಹಾಕೋ ಬಿಸಿಜಿ (ಕ್ಷಯರೋಗದ ಲಸಿಕೆ) ಜಾಗದಲ್ಲಿ ಕೆಲವು ವಾರ ಬಿಟ್ಟು ಸಣ್ಣ ಗುಳ್ಳೆ ಎದ್ದು, ಒಡೆದು, ಒಣಗಿ ಕಲೆ ಆಗುತ್ತೆ. ತಂಗಿ ಮಗಳಿಗೆ ಹಂಗಾದಾಗ ಮನೆಯೆಲ್ಲಾ ಗಾಬರಿ. ಅದು ಮಗುವಿನ ಮೈ ಕೆಲಸ ಮಾಡ್ತಿರೋ ಗುರುತು, ಅರಿಶಿನ ಮುಲಾಮು ಏನೂ ಹಚ್ಚದೆ ಹಂಗೇ ಬಿಡಿ. ಆದ್ರೆ ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದ್ರೆ ರಾತ್ರಿಯಾದ್ರೂ ಸರಿ, ಡಾಕ್ಟರ್ ಹತ್ರ ಓಡಿ.

ಯಾವುದಾದ್ರೂ ಡೋಸ್ ತಪ್ಪಿಹೋಗಿದ್ರೆ ಮೊದಲಿಂದ ಶುರು ಮಾಡ್ಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಸ್ತಾರೆ. ತಾಯಿ ಕಾರ್ಡ್ ತಗೊಂಡು ಆಶಾ ಅಕ್ಕನ್ನ ಕೇಳಿ, ಮುಂದಿನ ಲಸಿಕೆ ದಿನ ಯಾವಾಗ ಅಂತ ಅವರೇ ಹೇಳ್ತಾರೆ.